ಎರಡೂವರೆ ಮಹಡಿಯಲ್ಲಿ ಪತ್ತೇದಾರಿ ಅತ್ತೆ

"ಸೊಸೆಯ ಗುಟ್ಟನ್ನು ಬಯಲಿಗೆ ಎಳೆಯದಿದ್ದರೆ ನಾನು ಚೆಕಿಂಗ್ ಇನ್ಸ್‌ಪೆಕ್ಟರೇ ಅಲ್ಲ!"

ಅಡುಗೆಮನೆಯಲ್ಲಿ ಸೌಟು ಮೇಲೆತ್ತಿ ನಾನು ಹೀಗೆ ಘೋಷಿಸಿದಾಗ ನಮ್ಮನೆಯವರು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಅವರು ದರ್ಜಿ. ಬಾಯಲ್ಲಿ ಸದಾ ನಾಲ್ಕಾರು ಗುಂಡುಪಿನ್ನು ಕಚ್ಚಿಕೊಂಡಿರುತ್ತಾರೆ. ಮದುವೆಯಾದ ಮೇಲೆ ಅವರು ಕಂಡುಕೊಂಡ ಉಪಾಯ ಅದು. ಬಾಯಿ ತೆರೆದರೆ ಚುಚ್ಚುತ್ತದೆ ಎಂಬ ನೆಪದಲ್ಲಿ ಯಾವ ಜಗಳಕ್ಕೂ ಉತ್ತರ ಕೊಡಬೇಕಾಗಿಲ್ಲ! ಅಂದು ಮಾತ್ರ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ಹೇಳಿದರು:

"ನೀನು ರಿಟೈರಾಗಿ ಎಷ್ಟು ಕಾಲ ಆಯ್ತು ಕಣೇ. ಈಗ ನೀನು ಇನ್ಸ್‌ಪೆಕ್ಟರ್ ಅಲ್ಲವೇ ಅಲ್ಲ. ಸೋತರೂ ಏನೂ ನಷ್ಟ ಆಗದಂಥ ಶಪಥ ಮಾಡಿದ್ದೀಯ, ಭೇಷ್!"

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಕಂಡಕ್ಟರುಗಳು ನನಗಿಟ್ಟ ಹೆಸರು 'ಹದ್ದು ಮೇಡಂ'. ಬಸ್ಸು ಇನ್ನೂ ಉರುಳುತ್ತಿರುವಾಗಲೇ ಬಾಗಿಲು ಎಳೆದು ಹತ್ತುವುದು, ಹಿಡಿಯಬೇಕಾದವರನ್ನು ಹಿಡಿಯುವುದು, ಮತ್ತೆ ಬಾಗಿಲು ಎಳೆದು ಇಳಿಯುವುದು, ಇದು ನನ್ನ ವಿದ್ಯೆ. ಬಾಗಿಲು ಎಳೆಯುವ ಈ ಅಭ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಕಳೆಯುವುದು ಅದೇ.

ಟಿಕೆಟ್ ಇಲ್ಲದವರನ್ನು ಹಿಡಿಯಲು ಟಿಕೆಟ್ ಕೇಳಬೇಕಾಗಿಯೇ ಇಲ್ಲ, ಮುಖ ನೋಡಿದರೆ ಸಾಕು. ಕೆಲವರು ಸುಳ್ಳು ನಿದ್ದೆ ಹೊಡೆಯುತ್ತಾರೆ. ಕೆಲವರು ಕಿಟಕಿಯಾಚೆಗಿನ ಲೋಕವನ್ನು ಇದೇ ಮೊದಲ ಸಲ ಕಂಡವರಂತೆ ದಿಟ್ಟಿಸುತ್ತಾರೆ. ಎಲ್ಲರಿಗಿಂತ ಪಕ್ಕಾ ಕಳ್ಳರೆಂದರೆ ಕಾರಣವಿಲ್ಲದೆ ಖುಷಿಯಾಗಿರುವವರು. ಸಂಜೆಯ ನೂಕುನುಗ್ಗಲಿನಲ್ಲಿ, ಕಾಲು ತುಳಿಸಿಕೊಂಡು, ಕಂಕುಳ ಸಂದಿಯಲ್ಲಿ ಮೂಗು ಸಿಕ್ಕಿಸಿಕೊಂಡೂ ಒಬ್ಬ ಮನುಷ್ಯ ಮುಗುಳ್ನಗುತ್ತಿದ್ದಾನೆಂದರೆ ಅವನ ಹತ್ತಿರ ಟಿಕೆಟ್ ಇಲ್ಲವೆಂದೇ ಅರ್ಥ!

ನಮ್ಮ ಸೊಸೆ ಈ ಮೂರನೇ ಗುಂಪಿಗೆ ಸೇರಿದವಳೆಂದು ನನಗೆ ಗುಮಾನಿ ಹತ್ತಿತು.

ಮದುವೆಗೆ ಮುಂಚೆಯೇ ಅವಳ ತಾಯಿ ನಮ್ಮೆದುರು ಕೂತು ಎಲ್ಲವನ್ನೂ ಬಿಚ್ಚಿ ಹೇಳಿದ್ದರು. "ನಮ್ಮ ಹುಡುಗಿಗೆ ಆಟಿಸಂ ಇದೆ. ಜೋರು ಸದ್ದು ಆಗಲ್ಲ. ಮುಖ ನೋಡ್ಕೊಂಡು ಮಾತಾಡಲ್ಲ. ಸುಳ್ಳು ಹೇಳಕ್ಕೆ ಬರಲ್ಲ." ನಾನು ಎದೆಯುಬ್ಬಿಸಿ, "ಅಯ್ಯೋ, ಅದಕ್ಕೇನಂತೆ! ನಮ್ಮದು ತಿಳುವಳಿಕೆ ಇರೋ ಮನೆ" ಎಂದಿದ್ದೆ. ಒಳಗೊಳಗೇ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಸುಳ್ಳು ಹೇಳಲು ಬಾರದ ಸೊಸೆ! ಇನ್ಸ್‌ಪೆಕ್ಟರ್ ಅತ್ತೆಗೆ ಇದಕ್ಕಿಂತ ಇನ್ನೇನು ಬೇಕು?

ನಿಜ ಹೇಳಬೇಕೆಂದರೆ ಹುಡುಗಿ ನನಗೆ ಹಿಡಿಸಿಬಿಟ್ಟಳು. ಬಂದ ವಾರದಲ್ಲೇ ನನ್ನ ಸಾರು ಕುಡಿದು, "ಉಪ್ಪು ಜಾಸ್ತಿ" ಎಂದಳು. ಇಷ್ಟು ವರ್ಷ ಗಂಡನೂ ಮಗನೂ ಅದೇ ಉಪ್ಪನ್ನು ತೆಪ್ಪಗೆ ನುಂಗಿಕೊಂಡು ಬಂದಿದ್ದರೆಂದು ಅವತ್ತು ಗೊತ್ತಾಯಿತು! ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಮಿಕ್ಸಿ ಹಾಕುವ ಮುಂಚೆ ನಾನು ಕೂಗಿ ಹೇಳುತ್ತಿದ್ದೆ, ಅವಳು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ನಡೆಯುವುದು ಗೊತ್ತೇ ಇಲ್ಲ ಅವಳಿಗೆ, ಹಾಲ್‌ನಿಂದ ಅಡುಗೆಮನೆಗೂ ಓಟವೇ. ನಗು ಮಾತ್ರ ಕಡಿಮೆ. ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋದಲ್ಲಿ ಕೂತವರ ಮುಖವಿರುತ್ತದಲ್ಲ, ಅಲುಗಾಡಿದರೆ ಕೆಟ್ಟುಹೋಗುತ್ತದೆ ಎಂಬಂಥ ಮುಖ, ನಮ್ಮ ಮನೆಯಲ್ಲಿ ಅವಳದು ಸದಾ ಅದೇ.

ಅಂಥವಳು ಒಂದು ಸಂಜೆ ಹೊರಗೆ ಹೋಗಿ ಬಂದಾಗ ಮುಖ ದೀಪ ಹಚ್ಚಿಟ್ಟ ಹಾಗಿತ್ತು!

"ಎಲ್ಲಿಗೆ ಹೋಗಿದ್ದೆ?"

"ಹೊರಗೆ."

"ಹೊರಗೆ ಅಂದ್ರೆ ಎಲ್ಲಿ?"

ಅವಳು ಸ್ವಲ್ಪ ಯೋಚಿಸಿದಳು. "ಒಂದರ ಒಳಗೆ."

"ಯಾವುದರ ಒಳಗೆ?"

"ಅದನ್ನ ಹೇಳಲ್ಲ ಅತ್ತೆ" ಎಂದು ಒಳಕ್ಕೆ ಓಡಿದಳು. ಸುಳ್ಳು ಹೇಳಲು ಬಾರದವಳು 'ಹೇಳಲ್ಲ' ಅಂದರೆ ಒಳಗೆ ಎಂಥ ದೊಡ್ಡ ಸತ್ಯ ಕೂತಿರಬೇಕು, ನೀವೇ ಯೋಚಿಸಿ! ಹಿಂದೆಯೇ ಕೋಣೆಯಿಂದ ಒಂದು ವಿಚಿತ್ರ ರಾಗ ಕೇಳಿಸಿತು. "ಹ್ಞೂಂಂಂ... ಟಕ್." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹ್ಞೂಂಂಂ... ಟಕ್." ಅವಳು ಒಗೆಯಲು ಹಾಕಿದ ಕರ್ಚೀಫನ್ನು ಮೂಸಿ ನೋಡಿದೆ. ಗ್ರೀಸಿನ ವಾಸನೆ! ನಮ್ಮ ಡಿಪೋದ ಶೆಡ್ಡಿನಲ್ಲಿ ಬರುತ್ತಿತ್ತಲ್ಲ, ಅದೇ ಅಪ್ಪಟ ಗ್ರೀಸು.

"ರೀ, ಯಾರೋ ಮೆಕ್ಯಾನಿಕ್ಕು!" ಎಂದೆ.

"ಏನು ಮೆಕ್ಯಾನಿಕ್ಕು?"

"ನಿಮಗೆ ಬಟ್ಟೆ ಬಿಟ್ಟು ಬೇರೇನೂ ಹೊಳೆಯಲ್ಲ. ಗ್ರೀಸು, ಖುಷಿ, ಗುಟ್ಟು. ಮೂರೂ ಕೂಡಿಸಿ ನೋಡಿ!"

"ಕೂಡಿಸಿದೆ. ಸೈಕಲ್ ಬಂತು" ಎಂದು ಅವರು ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡುಬಿಟ್ಟರು.

ಮಗನನ್ನು ಹಿಡಿದುಕೊಂಡೆ. ಅವನು ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದು ಶೂ ಬಿಚ್ಚುತ್ತಿದ್ದ. ನನ್ನ ಪ್ರಶ್ನೆ ಕೇಳಿ ಕಿವಿಯವರೆಗೂ ಕೆಂಪಾದ. "ಅದು ಅವಳ ವಿಷಯಮ್ಮ. ಅವಳಿಗೆ ಅನ್ಸಿದಾಗ ಅವಳೇ ಹೇಳ್ತಾಳೆ." ಅಂದರೆ ಇವನೂ ಶಾಮೀಲು! ಕಂಡಕ್ಟರೂ ಪ್ರಯಾಣಿಕನೂ ಸೇರಿಕೊಂಡಾಗ ಬಸ್ಸಿನಲ್ಲಿ ಒಂದು ಥರದ ಮೌನ ಇರುತ್ತದೆ. ನಮ್ಮ ಮನೆಯಲ್ಲಿ ಈಗ ಆ ಮೌನ.

ನಗಬೇಡಿ, ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಹೊರಗೆ ಎಲ್ಲೋ ಅವಳಿಗೆ ಅಷ್ಟು ಖುಷಿ ಸಿಗುತ್ತಿದೆ, ಮನೆಯಲ್ಲಿ ಸಿಗುತ್ತಿಲ್ಲ. ಇವತ್ತಲ್ಲ ನಾಳೆ ಈ ಹುಡುಗಿ ಆ ಖುಷಿಯ ಕಡೆಗೇ ಹೊರಟುಹೋಗುತ್ತಾಳೆ. ಆಮೇಲೆ ನನ್ನ ಸಾರಿಗೆ ಉಪ್ಪು ಜಾಸ್ತಿ ಎನ್ನುವವರು ಯಾರು? ಅದಕ್ಕೇ ಆ ಸೌಟಿನ ಶಪಥ.

ಮಾರನೇ ವಾರವೇ ಬೇಟೆ ಶುರುವಾಯಿತು. ವೇಷ ಬೇಕಲ್ಲ! ನಮ್ಮನೆಯವರ ರೇನ್‌ಕೋಟು ತೊಟ್ಟೆ, ಕಪ್ಪು ಕನ್ನಡಕ ಏರಿಸಿದೆ, ನನ್ನ ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಅಡ್ಡ ಹಾಕಿದೆ. ಆ ಚೀಲ ನೌಕರಿ ಸೇರಿದ ದಿನದಿಂದ ನನ್ನ ಜೊತೆಗಿದೆ. ಅದರ ಪಟ್ಟಿಗೆ ನನ್ನ ಹೆಗಲಿನ ಆಕಾರವೇ ಬಂದಿದೆ, ಅದನ್ನು ಮುಟ್ಟಲು ಮೊಮ್ಮಕ್ಕಳು ಹುಟ್ಟಿದರೂ ಬಿಡುವವಳಲ್ಲ ನಾನು. ಬೀದಿಯಲ್ಲಿ ಸುಡು ಬಿಸಿಲು. ಪತ್ತೇದಾರರು ಬೆವರಿಗೆಲ್ಲ ಹೆದರುವುದಿಲ್ಲ.

ಎಂಥ ಸಲೀಸಾದ ಬೇಟೆ ಅಂತೀರಿ! ಮನೆಯಲ್ಲಿ ಚಿಗರೆ ಹಾಗೆ ಓಡುವವಳು ಬೀದಿಗಿಳಿದ ಕೂಡಲೇ ಆಮೆ. ಪ್ರತಿ ತಿರುವಿನಲ್ಲೂ ನಿಂತು ಅಂಗಡಿಯ ಗಾಜು ನೋಡುತ್ತಾಳೆ. ನಾನು ಏದುಸಿರು ಬಿಡುತ್ತ ಕಂಬ ಹಿಡಿದುಕೊಂಡರೆ ಅವಳು ಬಗ್ಗಿ ಶೂ ದಾರ ಕಟ್ಟುತ್ತಾಳೆ. ಸಿಗ್ನಲ್ ಹಸಿರಾದರೂ ದಾಟದೆ ನಿಲ್ಲುತ್ತಾಳೆ, ನಾನು ಹತ್ತಿರ ಬಂದ ಮೇಲಷ್ಟೇ ದಾಟುತ್ತಾಳೆ. ಉದ್ಯಾನದ ಮೂಲೆಯ ಕಲ್ಲು ಬೆಂಚುಗಳ ಹತ್ತಿರ ಬಂದಾಗ ಮುಂದಿನ ಬೆಂಚಿನಲ್ಲಿ ಕೂತು ಆಕಾಶ ನೋಡುತ್ತಾಳೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತೇನೆ. ಗುಟ್ಟು ಇಟ್ಟುಕೊಂಡವರಿಗೆ ಇಷ್ಟೂ ಬುದ್ಧಿ ಬೇಡವೇ ಎಂದು ನನಗೇ ಕನಿಕರವಾಯಿತು.

ಆದರೆ ಬೇಟೆ ಪ್ರತಿ ಸಲ ಒಂದೇ ಕಡೆ ಕೈ ತಪ್ಪುತ್ತಿತ್ತು. ಒಂದು ದಿನ ದೊಡ್ಡ ಬಟ್ಟೆ ಅಂಗಡಿ, ಇನ್ನೊಂದು ದಿನ ಆಸ್ಪತ್ರೆ, ಮತ್ತೊಂದು ದಿನ ಎತ್ತರದ ಹೋಟೆಲು. ಒಳಗೆ ಹೋಗುತ್ತಾಳೆ, ಲಿಫ್ಟ್ ಹತ್ತುತ್ತಾಳೆ, ಬಾಗಿಲು ಮುಚ್ಚುತ್ತದೆ, ಮಾಯ! ಒಂದಷ್ಟು ಹೊತ್ತಿನ ಮೇಲೆ ಅದೇ ಲಿಫ್ಟಿನಿಂದ ಅರಳಿದ ಮುಖ ಹೊತ್ತು ಇಳಿಯುತ್ತಾಳೆ. ಕೈಯಲ್ಲಿ ಬಟ್ಟೆ ಇಲ್ಲ, ಔಷಧಿ ಇಲ್ಲ, ತಿಂದ ಗುರುತಿಲ್ಲ.

"ಪ್ರತಿ ಸಲ ಬೇರೆ ಕಟ್ಟಡ ರೀ! ಪ್ರತಿ ಸಲ ಮೇಲಿನ ಮಹಡಿ! ಆ ಮನುಷ್ಯ ಭಲೇ ಪಾಕಡ. ಒಂದು ಕಡೆ ಕಾಲೂರಲ್ಲ."

"ಯಾವ ಮನುಷ್ಯ? ನೋಡಿದ್ಯಾ?"

"ನೋಡದೇ ಇರೋದೇ ಸಾಕ್ಷಿ! ಅಷ್ಟು ಚೆನ್ನಾಗಿ ಅಡಗಿದ್ದಾನೆ."

ನಮ್ಮನೆಯವರು ಏನೋ ಹೇಳಲು ಹೋಗಿ ಪಿನ್ನು ಚುಚ್ಚಿಸಿಕೊಂಡರು. ಬೇಕಾಗಿತ್ತು ಅವರಿಗೆ.

ಕೊನೆಗೂ ಆ ದಿನ ಬಂತು. ಬೆಳಗಿನಿಂದಲೂ ಸೊಸೆಯ ಕೈ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಲೋಟ ಎರಡು ಸಲ ಬೀಳಿಸಿದಳು. ಮಗ ಕೆಲಸಕ್ಕೆ ಹೊರಡುವಾಗ ಅವಳ ಕಿವಿಯಲ್ಲಿ, "ಅಳಬೇಡ, ಹೋಗಿ ನೋಡ್ಕೊಂಡು ಬಾ" ಎಂದಿದ್ದು ಈ ಹದ್ದಿನ ಕಿವಿಗೆ ಬಿತ್ತು. ಅಳುವುದೇ! ಬೀಳ್ಕೊಡುಗೆಯೇ! ಮಧ್ಯಾಹ್ನ ಅವಳು ಹೊರಬಿದ್ದ ಮರುಕ್ಷಣ ರೇನ್‌ಕೋಟು ನನ್ನ ಮೈಮೇಲಿತ್ತು.

ಅವಳು ಹೊಕ್ಕಿದ್ದು ಹಳೇ ಕಚೇರಿಗಳ ಒಂದು ಕಟ್ಟಡ. ಅರ್ಧ ಖಾಲಿಯಾಗಿತ್ತು. ಗೋಡೆಗೆ ಒರಗಿಸಿಟ್ಟ ಹೊಸ ಉಕ್ಕಿನ ಬಾಗಿಲುಗಳು, ಧೂಳು, ಹಲಗೆ. ನಡುವೆ ಬಾವಿಯಂಥ ಜಾಗದಲ್ಲಿ ಜಾಲರಿ ಬಾಗಿಲಿನ ಹಳೇ ಲಿಫ್ಟು. ಮಡಚುವ ಕಬ್ಬಿಣದ ಬಾಗಿಲು, ಎಳೆದರೆ ಕಿರ್ರೆಂದು ತೆರೆಯುತ್ತದೆ, ಅದರ ಸಂದಿಗಳಿಂದ ಒಳಗಿನವರು ಹೊರಗಿನವರಿಗೆ ಕಾಣುತ್ತಾರೆ. ಸೊಸೆ ಹತ್ತಿದಳು. ಬಾಗಿಲ ಮೇಲಿನ ಹಿತ್ತಾಳೆ ಮುಳ್ಳು ನಿಧಾನಕ್ಕೆ ತಿರುಗಿ ಮೂರರ ಮೇಲೆ ನಿಂತಿತು. ಸಿಕ್ಕಿಬಿದ್ದೆ ಮಗಳೇ! ಇವತ್ತು ನನ್ನ ಹತ್ತಿರ ನಿನ್ನ ಬೇಳೆ ಬೇಯಲ್ಲ!

ಮೆಟ್ಟಿಲು ಹತ್ತಲು ಮಂಡಿ ಒಪ್ಪಲಿಲ್ಲ. ಗುಂಡಿ ಒತ್ತಿ ಲಿಫ್ಟನ್ನು ಕೆಳಗೆ ಕರೆಸಿದೆ. ಹೊರಗಿನದೊಂದು, ಒಳಗಿನದೊಂದು, ಎರಡೂ ಬಾಗಿಲು ಎಳೆದುಕೊಂಡು ಮೂರನ್ನು ಒತ್ತಿದೆ. ಅದು ಹ್ಞೂಂ ಎನ್ನುತ್ತ ಮೇಲೇರಿತು. ಒಂದು ದಾಟಿತು, ಎರಡು ದಾಟಿತು. ಮೂರನೇ ಮಹಡಿಯ ನೆಲ ನನ್ನ ಕಣ್ಣಿನ ಮಟ್ಟಕ್ಕೆ ಬಂದಾಗ ಮೊದಲು ಕಂಡದ್ದು ನಮ್ಮ ಸೊಸೆಯ ಶೂ. ಅದರ ಪಕ್ಕದಲ್ಲೇ ಗ್ರೀಸು ಮೆತ್ತಿದ ಗಂಡಸಿನ ಬೂಟು! ಶೂಗಳು ತುದಿಗಾಲಲ್ಲಿ ಪುಟುಪುಟು ಕುಣಿಯುತ್ತಿದ್ದವು. ಕತ್ತೆತ್ತಿದೆ. ಅವಳ ಎರಡೂ ಕೈ ರೆಕ್ಕೆ ಹಾಗೆ ಪಟಪಟನೆ ಬಡಿಯುತ್ತಿದ್ದವು, ಮುಖದಲ್ಲಿ ಅಂಥ ನಗು ನಾನು ಜನ್ಮದಲ್ಲಿ ಕಂಡಿರಲಿಲ್ಲ!

"ಹಿಡಿದೆ!" ಎಂದು ಕಿರುಚಿದೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಇಷ್ಟು ವರ್ಷ ಓಡುವ ಬಸ್ಸಿನಲ್ಲಿ ಏನು ಮಾಡಿತ್ತೋ ಅದನ್ನೇ ಮಾಡಿತು. ಒಳಗಿನ ಜಾಲರಿ ಬಾಗಿಲನ್ನು ಬಲವಾಗಿ ಎಳೆಯಿತು!

ಟಕ್. ಲಿಫ್ಟು ನಿಂತಿತು.

ನನ್ನ ಸ್ಥಿತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ತಲೆ ಮೂರನೇ ಮಹಡಿಯ ನೆಲದಿಂದ ಸ್ವಲ್ಪ ಮೇಲೆ, ಉಳಿದ ನಾನು ಅದರ ಕೆಳಗೆ. ಮಡಚಿಕೊಂಡ ಬಾಗಿಲಿನ ಕಬ್ಬಿಣದ ಪಟ್ಟಿಗಳ ನಡುವೆ ನನ್ನ ಚೀಲದ ಪಟ್ಟಿ ಸಿಕ್ಕಿ, ನಾನು ಕಟ್ಟಿಹಾಕಿದ ಎಮ್ಮೆ. ಮೇಲಿನಿಂದ ಎರಡು ಮುಖ ಬಗ್ಗಿ ನೋಡಿದವು. ಒಂದು ದೊಡ್ಡ ಮೀಸೆಯದು. ಇನ್ನೊಂದು ಸೊಸೆಯದು.

"ಅತ್ತೆ! ಇವತ್ತು ಒಳಗೂ ಬಂದುಬಿಟ್ರಾ?"

"ನಾನು... ಹೀಗೇ... ನೂಲಿನ ಉಂಡೆ ತರೋಣ ಅಂತ" ಎಂದೆ.

"ಇಲ್ಲಿ ನೂಲು ಸಿಗಲ್ಲ" ಎಂದಳು ಅವಳು ಗಂಭೀರವಾಗಿ.

ಮೀಸೆಯವನು ಲಿಫ್ಟ್ ಮೆಕ್ಯಾನಿಕ್. ಅವನಿಗೆ ನಗುವೂ ಇಲ್ಲ, ಕನಿಕರವೂ ಇಲ್ಲ. "ಓಡ್ತಾ ಇರೋ ಲಿಫ್ಟಿನ ಬಾಗಿಲು ಯಾರಾದ್ರೂ ಎಳೀತಾರೇನಮ್ಮಾ? ಬಾಗಿಲು ತೆಗೆದ್ರೆ ಅದು ನಿಲ್ಲೋ ಹಾಗೇ ಮಾಡಿರ್ತಾರೆ! ಕದಲಬೇಡಿ. ಮೇಲೆ ಹೋಗಿ ಕೈಯಲ್ಲಿ ಚಕ್ರ ತಿರುಗಿಸಿ ಮೂರಕ್ಕೆ ಎತ್ತಬೇಕು, ಟೈಮ್ ಹಿಡಿಯುತ್ತೆ" ಎಂದು ಗೊಣಗುತ್ತ ಮೆಟ್ಟಿಲು ಹತ್ತಿದ. ನನಗೆ ಬೆವರು ಇಳಿಯತೊಡಗಿತು. ಫೋನು ಹುಡುಕಿ ಮನೆಗೆ ಮಾಡಿದೆ.

"ಎಲ್ಲಿದ್ದೀಯ ಕಣೇ?"

"ಎರಡೂವರೆಯಲ್ಲಿ!"

"ಆಗಲೇ ನಾಲ್ಕು ದಾಟಿತಲ್ಲ."

"ಗಂಟೆ ಅಲ್ಲ ರೀ, ಮಹಡಿ! ಲಿಫ್ಟಲ್ಲಿ ನೇತಾಡ್ತಾ ಇದ್ದೀನಿ!"

"ಯಾರನ್ನೋ ಹಿಡೀತೀನಿ ಅಂತ ಹೋದ್ಯಲ್ಲ, ಸಿಕ್ಕಿಬಿದ್ರಾ?"

"ಸಿಕ್ಕಿಬಿದ್ದಿರೋದು ನಾನು!"

ಆ ಕಡೆಯಿಂದ ಬಂದದ್ದು ಹೊಲಿಗೆ ಯಂತ್ರ ಮತ್ತೆ ಓಡಲು ಶುರುವಾದ ಸದ್ದು. ಗಂಡನೆಂಬ ಪ್ರಾಣಿ!

ಸೊಸೆ ನನ್ನ ತಲೆಯ ಹತ್ತಿರ, ಹೊರಬಾಗಿಲಿನ ಆಚೆ, ನೆಲದ ಮೇಲೆ ಕೂತಳು. ನನ್ನ ಕಡೆ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತ ಕೂತಳು. ನಾನು ಮೇಲಿನ ಕತ್ತಲನ್ನು ನೋಡಿ ಕೇಳಿದೆ:

"ಹಗ್ಗ ಹರಿದ್ರೆ?"

"ಹರಿಯಲ್ಲ ಅತ್ತೆ. ಉಕ್ಕಿನದು. ಒಂದಲ್ಲ, ಸುಮಾರಿದೆ. ಒಂದು ಹರಿದ್ರೂ ಉಳಿದವು ಹಿಡ್ಕೊಳ್ತಾವೆ."

"ಎಲ್ಲಾ ಹರಿದ್ರೆ?"

"ಕೆಳಗೆ ದವಡೆ ಥರ ಒಂದಿದೆ. ಜೋರಾಗಿ ಇಳಿದ್ರೆ ಕಚ್ಚಿ ಹಿಡ್ಕೊಳ್ಳುತ್ತೆ."

"ಅದೂ ಹಿಡ್ಕೊಳ್ಳದಿದ್ರೆ?"

"ಆಗ ಬೀಳುತ್ತೆ."

ಸುಳ್ಳು ಹೇಳಲು ಬಾರದವರ ಜೊತೆ ಲಿಫ್ಟಿನಲ್ಲಿ ಸಿಕ್ಕಿಕೊಳ್ಳಬಾರದು, ನನ್ನ ಮಾತು ನಂಬಿ!

"ಇಷ್ಟೆಲ್ಲ ನಿಂಗೆ ಹೇಗೆ ಗೊತ್ತು?" ಎಂದು ಕೇಳಿದ್ದೇ ತಡ, ಅವಳ ಬೆರಳು ಮಡಿಲಲ್ಲಿ ಕುಣಿಯತೊಡಗಿದವು. ಆಮೇಲೆ ಕಟ್ಟೆಯೊಡೆದಂತೆ ಮಾತು! ಮನೆಯಲ್ಲಿ ವಾರಕ್ಕೆ ಆಡುವಷ್ಟನ್ನು ಒಂದೇ ಉಸಿರಿಗೆ ಆಡಿದಳು. ಊರಿನ ಲಿಫ್ಟುಗಳಿಗೆಲ್ಲ ಅವಳು ಹೆಸರಿಟ್ಟಿದ್ದಾಳಂತೆ. ಆಸ್ಪತ್ರೆಯದು ಸಂಕೋಚದ ಲಿಫ್ಟು, ಬಾಗಿಲು ತೆಗೆಯಲೋ ಬೇಡವೋ ಎಂದು ಎರಡು ಸಲ ಯೋಚಿಸುತ್ತದಂತೆ. ಹೋಟೆಲಿನದು ಜಂಬದ್ದು. ಇದು ಅಜ್ಜಿ. ನಿಲ್ಲುವ ಮುಂಚೆ ಉಸ್ಸಪ್ಪಾ ಎಂದು ಉಸಿರು ಬಿಡುತ್ತದೆ.

"ನಾವು ಮೇಲೆ ಹೋಗ್ತಿದ್ದಾಗ ಹಿಂದುಗಡೆ ಒಂದು ಭಾರ ಕೆಳಗೆ ಬರ್ತಾ ಇರುತ್ತೆ ಅತ್ತೆ. ಯಾರಿಗೂ ಕಾಣಲ್ಲ. ಚಿಕ್ಕವಳಿದ್ದಾಗ ಇದು ಗೊತ್ತಾದ ದಿನ ನಾನು ರಾತ್ರಿ ಮಲಗೋ ತನಕ ನಕ್ಕಿದ್ದೆ."

"ಅದರಲ್ಲಿ ಅಷ್ಟು ಖುಷಿ ಏನೇ ಇದೆ?" ಎಂದೆ. ತಪಾಸಣೆಯ ಪ್ರಶ್ನೆಯಲ್ಲ, ನಿಜಕ್ಕೂ ತಿಳಿಯಬೇಕೆನಿಸಿತ್ತು.

"ಮನುಷ್ಯರನ್ನ ಮಾತಾಡಿಸಿದ್ರೆ ಏನು ಬರುತ್ತೆ ಗೊತ್ತಾಗಲ್ಲ. ಇಲ್ಲಿ ಮೂರು ಒತ್ತಿದ್ರೆ ಮೂರೇ ಬರುತ್ತೆ." ಮತ್ತೆ ಹೇಳಿದಳು, "ಆದ್ರೆ ಅದಕ್ಕಷ್ಟೇ ಅಲ್ಲ. ಚೆನ್ನಾಗಿದೆ, ಅಷ್ಟೇ. ಚೆನ್ನಾಗಿರೋದಕ್ಕೆ ಕಾರಣ ಬೇಕಾ ಅತ್ತೆ?"

ಕಾರಣವಿಲ್ಲದ ಖುಷಿ! ನನ್ನ ವೃತ್ತಿಯ ಮೂಲಮಂತ್ರವೇ ಅಲ್ಲಾಡಿತು.

"ಮತ್ತೆ ಇದನ್ನ ಮನೆಯಲ್ಲಿ ಯಾಕೆ ಹೇಳಲಿಲ್ಲ?"

"ಅಮ್ಮ ಬೇಡ ಅಂದಿದ್ರು. ಆಟಿಸಂ ಅಂದ್ರೆ ಒಪ್ಕೋತಾರೆ, ಲಿಫ್ಟು ಅಂದ್ರೆ ನಗ್ತಾರೆ ಅಂತ. ಶಾಲೆಯಲ್ಲಿ ಎಲ್ಲರೂ ನಗ್ತಿದ್ರು. ಅದಕ್ಕೆ ಮನೆಯಲ್ಲಿ ಅದು ಬಾಯಿಗೆ ಬಂದಾಗೆಲ್ಲ ಮುಖ ಗಟ್ಟಿ ಹಿಡ್ಕೋತೀನಿ. ಸುಸ್ತಾಗುತ್ತೆ."

ಸ್ಟುಡಿಯೋ ಮುಖ! ಅದು ನನ್ನ ಮನೆಯಲ್ಲಿ ಅವಳು ಹೊತ್ತುಕೊಂಡಿದ್ದ ಭಾರ. ನಾನು ಅದನ್ನು ಅವಳ ಸ್ವಭಾವ ಅಂದುಕೊಂಡಿದ್ದೆ. ಕತ್ತಿನವರೆಗೆ ನೆಲದಲ್ಲಿ ಹೂತ ಹೆಂಗಸು ಅಳುವುದು ಚೆಂದ ಕಾಣುವುದಿಲ್ಲವೆಂದು ತಡೆದುಕೊಂಡೆ.

ಇವತ್ತು ಅಜ್ಜಿಯ ಕೊನೆಯ ದಿನವಂತೆ. ಸಂಜೆಗೆ ಕರೆಂಟು ತೆಗೆದು ನಾಳೆಯಿಂದ ಬಿಚ್ಚುತ್ತಾರೆ, ಉಕ್ಕಿನ ಬಾಗಿಲಿನ ಹೊಸ ಲಿಫ್ಟು ಬರುತ್ತದೆ. ಸೊಸೆ ವಾರಗಟ್ಟಲೆ ಮೆಕ್ಯಾನಿಕ್ಕನ ಬೆನ್ನು ಬಿದ್ದು, ಕೊನೆಯ ಓಟ ತನ್ನದೇ ಎಂದು ಈಗಷ್ಟೇ ಒಪ್ಪಿಸಿದ್ದಳು. ನಾನು ಕಂಡ ಆ ಕುಣಿತ, ಅವನು ಹ್ಞೂಂ ಅಂದ ಕ್ಷಣದ್ದು.

ಅಷ್ಟರಲ್ಲಿ ನನ್ನ ಕಾಲಡಿ ಒಂದು ಅಲುಗಾಟ. ನಾನು ಇಂಚಿಂಚಾಗಿ ಮೇಲೆದ್ದು ಮೂರನೇ ಮಹಡಿಗೆ ಪೂರ್ತಿ ಉದಯಿಸಿದೆ. ಮೆಕ್ಯಾನಿಕ್ ಬೆವರು ಒರೆಸುತ್ತ ಇಳಿದು ಬಂದು ಹೊರಬಾಗಿಲು ತೆಗೆದ. ಒಳಬಾಗಿಲನ್ನು ಮುಚ್ಚಲು ಎಳೆದ. ಅದು ಅರ್ಧಕ್ಕೇ ನಿಂತಿತು. ನನ್ನ ಚೀಲದ ಪಟ್ಟಿ ಮಡಿಕೆಗಳ ನಡುವೆ ಗಂಟಲಿಗೆ ಸಿಕ್ಕ ಮೂಳೆ ಹಾಗೆ ಕಚ್ಚಿಕೊಂಡಿತ್ತು. ಎಳೆದ, ತಳ್ಳಿದ, ಬೈದ.

"ಬಾಗಿಲು ಮುಚ್ಚದೇ ಇದು ಓಡಲ್ಲ. ನನಗೂ ಹೊತ್ತಾಯ್ತು, ಮುಗೀತು ಬಿಡಿ. ಮೆಟ್ಟಿಲಲ್ಲೇ ಇಳೀರಿ, ಕರೆಂಟ್ ತೆಗೀತೀನಿ."

"ಪರವಾಗಿಲ್ಲ" ಎಂದಳು ಸೊಸೆ. ನಾನು ನೋಡುತ್ತಿದ್ದ ಹಾಗೇ ಆ ಮುಖ ಗಟ್ಟಿಯಾಯಿತು, ಕೈ ಕೆಳಗಿಳಿಯಿತು. ಸ್ಟುಡಿಯೋ ಮುಖ ವಾಪಸು ಬಂತು. ನನ್ನಿಂದ.

"ಪರವಾಗಿದೆ!" ಎಂದು ನಾನು ಗುಡುಗಿದೆ. "ರೀ ಮೆಕ್ಯಾನಿಕ್ಕು, ಚಾಕು ಇದೆಯಾ?"

"ಯಾಕಮ್ಮಾ?"

"ಪಟ್ಟಿ ಕುಯ್ಯಿರಿ!"

"ಅತ್ತೆ, ಅದು ನಿಮ್ಮ ಚೀಲ" ಎಂದಳು ಅವಳು ಗಾಬರಿಯಿಂದ. ಈ ಚೀಲ ನನಗೆ ಏನೆಂದು ಅವಳಿಗೆ ಗೊತ್ತಿತ್ತು.

"ನೋಡ್ತಾ ಇದ್ದೀರೇನ್ರೀ, ಕುಯ್ಯಿರಿ ಅಂದೆ!"

ಚರ್ಮ ಹರಿಯುವಾಗ ನಾನು ಆ ಕಡೆ ತಿರುಗಿಕೊಂಡೆ, ಒಪ್ಪಿಕೊಳ್ಳುತ್ತೇನೆ. ಬಾಗಿಲು ಕಿರ್ರೆಂದು ಬಿಡಿಸಿಕೊಂಡಿತು. "ಒಂದೇ ಓಟ, ಕೆಳಕ್ಕೆ" ಎಂದ ಮೆಕ್ಯಾನಿಕ್. ಸೊಸೆ ಒಳಗೆ ಬಂದಳು. ಎರಡೂ ಬಾಗಿಲನ್ನು ಮಗುವಿಗೆ ಹೊದಿಕೆ ಹೊದಿಸುವ ಹಾಗೆ ಮೆಲ್ಲಗೆ ಎಳೆದಳು. ಗುಂಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು.

ಇಳಿಯುವಾಗ ಅವಳ ಕೈಗಳು ಮತ್ತೆ ರೆಕ್ಕೆಯಾದವು. ನಾನು ಗೋಡೆಯ ಕಂಬಿಯನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದೆ. ಆದರೂ ಕಿವಿ ತೆರೆದೇ ಇತ್ತು. ಹ್ಞೂಂಂಂ, ಆಮೇಲೆ ಉಸ್ಸಪ್ಪಾ ಎಂಬ ಉಸಿರು, ಆಮೇಲೆ ಟಕ್. ನಮ್ಮ ಮನೆಯ ಕೋಣೆಯಲ್ಲಿ ಕೇಳಿಸುತ್ತಿದ್ದ ಅದೇ ರಾಗ! ಸೊಸೆ ಜಾಲರಿಗೆ ಕೆನ್ನೆ ಹಚ್ಚಿ ಸ್ವಲ್ಪ ಹೊತ್ತು ನಿಂತಳು. ಅತ್ತಳು, ನಕ್ಕಳು, ಎರಡೂ ಒಟ್ಟಿಗೆ. "ಅಜ್ಜಿ ಚೆನ್ನಾಗಿದ್ಲು ಅಲ್ವಾ ಅತ್ತೆ?"

"ತುಂಬಾ ಚೆನ್ನಾಗಿದ್ಲು" ಎಂದೆ. ಗೋಡೆಯ ಕಂಬಿಯನ್ನು ಇನ್ನೂ ಬಿಟ್ಟಿರಲಿಲ್ಲ, ಆದರೆ ಹೇಳಿದ್ದು ಸುಳ್ಳಲ್ಲ.

ಪಟ್ಟಿಯಿಲ್ಲದ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಮನೆ ಕಡೆ ಹೊರಟೆವು. ನನಗೊಂದು ಸಮಾಧಾನ ಉಳಿದಿತ್ತು. ಗುಟ್ಟು ಬಯಲಾದದ್ದು ನನ್ನಿಂದಲೇ ತಾನೇ! ವಾರಗಟ್ಟಲೆ ನೆರಳಿನ ಹಾಗೆ ಹಿಂಬಾಲಿಸಿದ್ದು, ಒಮ್ಮೆಯೂ ಅವಳ ಕಣ್ಣಿಗೆ ಬೀಳದಿದ್ದದ್ದು, ಅದೆಲ್ಲ ಹದ್ದು ಮೇಡಂ ಅಲ್ಲದೆ ಬೇರೆ ಯಾರಿಗಾದರೂ ಆಗುವ ಮಾತೇ? ಈ ಹೆಮ್ಮೆ ಉದ್ಯಾನದ ಮೂಲೆಯವರೆಗೆ ಉಳಿಯಿತು.

ಅಲ್ಲಿ ಸೊಸೆ ನಿಂತಳು. "ಕೂತ್ಕೊಳ್ಳಿ ಅತ್ತೆ. ಹಿಂದಿನ ಬೆಂಚೇ ಅಲ್ವಾ ನಿಮ್ಮದು?"

ನಾನು ಇಂಗು ತಿಂದ ಮಂಗ. "ನಿಂಗೆ... ಗೊತ್ತಿತ್ತಾ?"

"ಮೊದಲನೇ ದಿನಾನೇ ಗೊತ್ತಾಯ್ತು. ಮಾವನ ರೇನ್‌ಕೋಟು ಹಾಕ್ಕೊಂಡು ಬಿಸಿಲಲ್ಲಿ ನಡೆಯೋರು ನೀವೊಬ್ರೇ."

"ಮತ್ತೆ ಯಾಕೇ ಬಾಯಿ ಬಿಡಲಿಲ್ಲ?"

ಅವಳಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲವೆಂದು ಕಾಣುತ್ತದೆ. "ನೀವು ತುಂಬಾ ಖುಷಿಯಾಗಿದ್ರಿ. ಕಂಬದ ಹಿಂದೆ ಅಡಗೋವಾಗ ನಿಮ್ಮ ಮುಖ ಅಂಗಡಿ ಗಾಜಲ್ಲಿ ಕಾಣ್ತಿತ್ತು. ಅಂಥ ಮುಖ ನಾನು ಮನೆಯಲ್ಲಿ ನೋಡೇ ಇರಲಿಲ್ಲ. ನನಗೆ ಲಿಫ್ಟು ಹೇಗೋ ನಿಮಗೆ ಹಿಂಬಾಲಿಸೋದು ಹಾಗೆ ಅಂದ್ಕೊಂಡೆ. ನೀವೂ ಯಾರಿಗೂ ಹೇಳಿರಲಿಲ್ಲ, ನಗ್ತಾರೆ ಅಂತ ಇರಬಹುದು. ಅದಕ್ಕೆ ಸುಮ್ಮನಿದ್ದೆ. ನಿಮಗೆ ಮಂಡಿ ನೋವಲ್ವಾ, ನಾನು ಬೇಗ ನಡೆದ್ರೆ ನಿಮ್ಮ ಖುಷಿ ಕೆಡುತ್ತೆ. ಸಿಗ್ನಲ್ ಹಸಿರಾದ್ರೂ ನೀವು ಬರೋ ತನಕ ನಿಂತ್ಕೋತಿದ್ದೆ."

ಆಮೆ ನಡಿಗೆ, ಶೂ ದಾರ, ಅಂಗಡಿಯ ಗಾಜು, ಕಲ್ಲು ಬೆಂಚು! ವಾರಗಟ್ಟಲೆ ನಾನು ಅವಳನ್ನು ಹಿಂಬಾಲಿಸಿರಲಿಲ್ಲ. ಅವಳು ನನ್ನನ್ನು ಕೈ ಹಿಡಿದು ನಡೆಸಿದ್ದಳು. ನನ್ನ ಖುಷಿಯನ್ನು ಅವಳು ಅನುಮಾನಿಸಲಿಲ್ಲ, ಕಾರಣ ಕೇಳಲಿಲ್ಲ, ಹೆಜ್ಜೆ ನಿಧಾನ ಮಾಡಿದಳು, ಅಷ್ಟೇ. ನಾನು ಆ ಬೆಂಚಿನಲ್ಲಿ ಕೂತು ಜನ ನೋಡುವ ಹಾಗೆ ಅತ್ತುಬಿಟ್ಟೆ. ಅವಳು ಮುಂದಿನ ಬೆಂಚಿನಲ್ಲಿ ಕೂತು ಆಕಾಶ ನೋಡಿದಳು.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಲಿಫ್ಟಿನ ಮಾತೇ ಮಾತು. ನಮ್ಮನೆಯವರು ಚೀಲಕ್ಕೆ ಪ್ಯಾಂಟಿನ ಬಟ್ಟೆಯ ಹೊಸ ಪಟ್ಟಿ ಹೊಲಿದುಕೊಟ್ಟಿದ್ದಾರೆ. ನನ್ನ ಶಪಥದ ಗತಿ ಏನಾಯಿತೆಂದು ಕೇಳಿದಾಗೆಲ್ಲ ಪಿನ್ನುಗಳನ್ನು ಕಚ್ಚಿಕೊಂಡೇ ನಗುವ ಹೊಸ ವಿದ್ಯೆ ಕಲಿತಿದ್ದಾರೆ. ಸೊಸೆಗೆ ಮೊನ್ನೆ ಊರಾಚೆ ಇನ್ನೊಂದು ಜಾಲರಿ ಬಾಗಿಲಿನ ಲಿಫ್ಟು ಇರುವ ಸುದ್ದಿ ಸಿಕ್ಕಿತು. "ನಾನೂ ಬರ್ತೀನಿ ಕಣೇ" ಎಂದು ಚಪ್ಪಲಿ ಮೆಟ್ಟಿದೆ. ಅವಳು ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತ, ಬಹಳ ಮರ್ಯಾದೆಯಿಂದ ಕೇಳಿದಳು:

"ಪಕ್ಕದಲ್ಲಿ ಬರ್ತೀರಾ ಅತ್ತೆ, ಹಿಂದೆ ಬರ್ತೀರಾ? ಹಿಂದೆ ಬರೋದಾದ್ರೆ ರೇನ್‌ಕೋಟು ಒಗೆದು ಮೊಳೆಗೆ ಹಾಕಿದ್ದೀನಿ."